ನೆಲಕ್ಕಿಳಿದ ಪೆಟ್ರೋಲ್: ಕೋಲಾರದಂಥ ಬಂಡೆ ಸೀಮೆಯಲ್ಲಿ ಅದನ್ನು ಹೊರತೆಗೆಯುವ ಬಗೆ

ಪೈಪಿನ ಜಾಯಿಂಟಿನಿಂದ ಸೆಕೆಂಡಿಗೆ ಒಂದು ಹನಿ ಪೆಟ್ರೋಲ್ ತೊಟ್ಟಿಕ್ಕಿದರೆ ದಿನಕ್ಕೆ ನಾಲ್ಕೂಕಾಲು ಲೀಟರ್ ಆಗುತ್ತದೆ, ವರ್ಷಕ್ಕೆ ಒಂದೂವರೆ ಸಾವಿರ ಲೀಟರ್ ದಾಟುತ್ತದೆ. ನೆಲದಡಿ 20 ಸಾವಿರ ಲೀಟರಿನ ಟ್ಯಾಂಕ್ ಹೂತಿಟ್ಟುಕೊಂಡ ಕಾರ್ಖಾನೆಯ ಸ್ಟಾಕ್ ಪುಸ್ತಕದಲ್ಲಿ ಇಷ್ಟು ಸಣ್ಣ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ಟ್ಯಾಂಕಿನಲ್ಲಿ 10 ಸಾವಿರ ಲೀಟರ್ ಇದ್ದು ಉಷ್ಣಾಂಶ 5 ಡಿಗ್ರಿ ಆಚೀಚೆಯಾದರೆ ಲೆಕ್ಕದಲ್ಲಿ 50 ಲೀಟರ್ ಏರುಪೇರು. ದಿನದ ನಾಲ್ಕು ಲೀಟರ್ ಅದರಲ್ಲಿ ಮುಳುಗಿಹೋಗುತ್ತದೆ. ಆದರೆ ಬಿಸಿಲಿನ ಏರುಪೇರು ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ. ಸೋರಿಕೆ ಯಾವಾಗಲೂ ಕಡಿಮೆಯ ಕಡೆಗೇ. ಆದ್ದರಿಂದ ದಿನದ ಅಂಕಿಯ ಜೊತೆಗೆ ತಿಂಗಳ ಮೊತ್ತವನ್ನೂ ನೋಡಬೇಕು. ಮೂರು ತಿಂಗಳು ಬಿಡದೆ ನೂರು ಲೀಟರ್ ಮೇಲ್ಪಟ್ಟು ಕೊರತೆ ಬಿದ್ದರೆ ಅದು ಟ್ಯಾಂಕಿನ ಮಟ್ಟ ಅಳೆಯುವ ಡಿಪ್ ಸ್ಟಿಕ್ಕಿನ ತಪ್ಪಲ್ಲ.

ಹೆಚ್ಚಿನ ಕಡೆ ಈ ಲೆಕ್ಕ ಯಾರೂ ಹಾಕುವುದಿಲ್ಲ. ಪಕ್ಕದ ತೋಟದವರು ಬೋರ್ ನೀರಿಗೆ ವಾಸನೆ ಬಂತು ಎಂದು ಗೇಟಿನ ಮುಂದೆ ಬಂದು ನಿಂತಾಗಲೇ ವಿಷಯ ಗೊತ್ತಾಗುವುದು. ಅಷ್ಟೊತ್ತಿಗೆ ಪೆಟ್ರೋಲ್ ಮಣ್ಣು ದಾಟಿ ಕಲ್ಲಿಗೆ ಇಳಿದಿರುತ್ತದೆ.

ನೆಲ ಎಂಥದ್ದು ಎಂಬುದೇ ಮೊದಲ ಪ್ರಶ್ನೆ

ಪೆಟ್ರೋಲ್ ಸೋರಿದ ನೆಲವನ್ನು ಶುದ್ಧ ಮಾಡುವ ಕೈಪಿಡಿಗಳಲ್ಲಿ ಬಹುಪಾಲು ಮರಳು ನೆಲದ ದೇಶಗಳಿಗೆ ಬರೆದವು. ಅಲ್ಲಿ ನೀರು ಒಂದೇ ದಿಕ್ಕಿಗೆ, ನಿಧಾನವಾಗಿ, ಊಹಿಸಬಹುದಾದ ಹಾಗೆ ಹರಿಯುತ್ತದೆ. ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರು, ವಸಂತನರಸಾಪುರ, ಈ ಯಾವ ಕೈಗಾರಿಕಾ ಪ್ರದೇಶದ ಅಡಿಯಲ್ಲೂ ಅಂಥ ನೆಲವಿಲ್ಲ. ಮೇಲೆ ಕೆಂಪು ಮಣ್ಣು, ಅದರಡಿ ಗರಸು, ಅದರಡಿ ಗುದ್ದಲಿಗೆ ಪುಡಿಯಾಗುವ ಶಿಥಿಲ ಬಂಡೆ, ಆಮೇಲೆ ಗಟ್ಟಿ ಗ್ರಾನೈಟ್ ಮತ್ತು ನೈಸ್ ಕಲ್ಲು. ಗಟ್ಟಿ ಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಎರಡು ಬೋರ್‌ಗಳ ನಡುವೆ ಐವತ್ತು ಅಡಿಯೂ ಇರುವುದಿಲ್ಲ, ಒಂದರಲ್ಲಿ ನೀರು ಉಕ್ಕುತ್ತದೆ, ಇನ್ನೊಂದರಲ್ಲಿ ಬರೀ ಧೂಳು. ಇದು ಇಲ್ಲಿನ ಪ್ರತಿ ರೈತನಿಗೂ ಗೊತ್ತು. ಪೆಟ್ರೋಲಿಗೂ ಅದೇ ನಿಯಮ. ಟ್ಯಾಂಕಿನ ಪಕ್ಕದ ಬಾವಿ ಶುದ್ಧವಾಗಿದ್ದು, ಕಾಲು ಕಿಲೋಮೀಟರ್ ಆಚೆಯ ಬೋರ್ ಕೆಟ್ಟಿರಬಹುದು. ಮಧ್ಯೆ ಕಪ್ಪು ಕಲ್ಲಿನ ಡೈಕ್, ಅಂದರೆ ಬಂಡೆಯನ್ನು ಸೀಳಿ ನಿಂತ ಗೋಡೆಯಂಥ ಕಲ್ಲು, ಅಡ್ಡ ಹಾದಿದ್ದರೆ ನೀರು ಅದಕ್ಕೆ ತಡೆದು ಅದರ ಅಂಚಿನ ಗುಂಟ ಓಡುತ್ತದೆ.

ಎರಡನೆಯ ಸಂಗತಿ ನೀರಿನ ಮಟ್ಟ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ, ಹಾಗಾಗಿ ಅಂತರ್ಜಲದ ಮೇಲೆ ತೇಲುತ್ತದೆ. ನೀರು ಇಳಿದರೆ ಅದೂ ಜೊತೆಗೆ ಇಳಿಯುತ್ತದೆ, ಇಳಿಯುವಾಗ ದಾರಿಯುದ್ದಕ್ಕೂ ಮಣ್ಣು, ಕಲ್ಲಿಗೆ ಬಳಿದುಕೊಳ್ಳುತ್ತದೆ. ನೀರು ಮತ್ತೆ ಏರಿದಾಗ ಎಲ್ಲವೂ ಮೇಲಕ್ಕೆ ಬರುವುದಿಲ್ಲ. ಬಿರುಕುಗಳಲ್ಲಿ, ಗರಸಿನ ಸಂದುಗಳಲ್ಲಿ ಸಣ್ಣ ಹನಿಗಳಾಗಿ ನೀರಿನಡಿಯೇ ಸಿಕ್ಕಿಕೊಳ್ಳುತ್ತದೆ. ಕೋಲಾರಕ್ಕೆ ಇದು ಬರೀ ಪುಸ್ತಕದ ಮಾತಲ್ಲ. ದಶಕಗಟ್ಟಲೆ ಬೋರ್ ಎತ್ತಿ ಎತ್ತಿ ನೀರು ಸಾವಿರ ಅಡಿ ದಾಟಿದ ಜಿಲ್ಲೆಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿಯ ನೀರು ಹರಿದಿದೆ, ಅದರ ಮೇಲೆ 2021ರ ಭಾರಿ ಮಳೆ. ನೀರು ಆಳದಲ್ಲಿದ್ದ ಕಾಲದಲ್ಲಿ ಸೋರಿದ ಪೆಟ್ರೋಲ್ ಕೆರೆ ತುಂಬಿದ ಮೇಲೆ ನೀರಿನೊಳಗೆ ಮುಳುಗಿ ಕೂತಿರುತ್ತದೆ. ಇಂಥ ಜಾಗದಲ್ಲಿ ‘ಬಾವಿಯಲ್ಲಿ ತೇಲುವ ಪೆಟ್ರೋಲ್ ಕಾಣಿಸಲಿಲ್ಲ, ಹಾಗಾಗಿ ಸಮಸ್ಯೆಯಿಲ್ಲ’ ಎಂಬ ವರದಿ ಬಂದರೆ ಅದನ್ನು ನಂಬಬಾರದು.

ವಿಷ ಯಾವುದು, ಎಷ್ಟು

ಪೆಟ್ರೋಲಿನಲ್ಲಿ ನೂರಾರು ಪದಾರ್ಥಗಳಿವೆ. ನೀರಿಗೆ ಹೆದರಬೇಕಾದದ್ದು ಮುಖ್ಯವಾಗಿ ಬೆಂಜೀನ್. ಅದರ ಜೊತೆಗೆ ಟಾಲ್ವೀನ್, ಈಥೈಲ್ ಬೆಂಜೀನ್, ಜೈಲೀನ್. ಬಿಎಸ್ 6 ಪೆಟ್ರೋಲಿನಲ್ಲಿ ಬೆಂಜೀನ್ ಗಾತ್ರದಲ್ಲಿ ಶೇ. 1 ಮೀರಬಾರದು. ಅಂದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚೆಂದರೆ 10 ಮಿಲಿ ಲೀಟರ್, ತೂಕದಲ್ಲಿ 8.8 ಗ್ರಾಂ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 0.01 ಮಿಲಿ ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾಗಿಸಿ ನೋಡಿ: ಒಂದು ಲೀಟರ್ ಪೆಟ್ರೋಲ್ 8.8 ಲಕ್ಷ ಲೀಟರ್ ನೀರನ್ನು ಆ ಮಿತಿಯವರೆಗೆ ಕೆಡಿಸಬಲ್ಲದು. 12 ಸಾವಿರ ಲೀಟರಿನ 73 ಟ್ಯಾಂಕರ್ ನೀರು. ತೇಲುವ ಪೆಟ್ರೋಲಿಗೆ ತಾಗಿಕೊಂಡ ನೀರಿನಲ್ಲಿ ಲೀಟರಿಗೆ 20–30 ಮಿಲಿ ಗ್ರಾಂ ಬೆಂಜೀನ್ ಕರಗಬಹುದು, ಅಂದರೆ ಮಿತಿಯ ಎರಡು ಮೂರು ಸಾವಿರ ಪಟ್ಟು.

ಮೂಗು ಇಲ್ಲಿ ಕೈಕೊಡುತ್ತದೆ. ನೀರಿನಲ್ಲಿ ಬೆಂಜೀನ್ ಅರ್ಧ ಮಿಲಿ ಗ್ರಾಂ ದಾಟುವವರೆಗೆ ನಾಲಗೆಗೂ ತಿಳಿಯುವುದಿಲ್ಲ. ಅದು ಮಿತಿಯ ಐವತ್ತು ಪಟ್ಟು. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಫ್ಲೋರೈಡ್ ತೆಗೆಯಲು ಹಾಕಿದ್ದು. ಬೆಂಜೀನಿನಂಥ ಸಣ್ಣ ಅಣುವನ್ನು ಅದರ ಪೊರೆ ಪೂರ್ತಿ ತಡೆಯುವುದಿಲ್ಲ. ಮುಂದಿರುವ ಇದ್ದಿಲಿನ ಫಿಲ್ಟರ್ ಸ್ವಲ್ಪ ಹಿಡಿದರೂ ಅದು ಯಾವಾಗ ತುಂಬಿತು ಎಂದು ನೋಡುವವರಿಲ್ಲ. ನೀರು ಕುದಿಸಿದರೆ ಬೆಂಜೀನ್ ಅಡುಗೆ ಮನೆಯ ಗಾಳಿಗೆ ಹೋಗುತ್ತದೆ ಅಷ್ಟೆ. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವ ಮಾಮೂಲಿ ನೀರು ಪರೀಕ್ಷೆಯಲ್ಲಿ ಬೆಂಜೀನ್ ಇರುವುದೇ ಇಲ್ಲ, ಅದನ್ನು ಹೆಸರು ಹೇಳಿ ಕೇಳಬೇಕು.

ಶೇ. 20ರಷ್ಟು ಎಥನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲ್ ಇನ್ನೊಂದು ತೊಡಕು ತಂದಿದೆ. ಎಥನಾಲ್ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, ಮಣ್ಣಿನ ಬ್ಯಾಕ್ಟೀರಿಯಾ ಮೊದಲು ಅದನ್ನೇ ತಿನ್ನುತ್ತವೆ. ತಿನ್ನುವಾಗ ಇದ್ದಬದ್ದ ಆಮ್ಲಜನಕವೆಲ್ಲ ಖರ್ಚಾಗಿ ಬೆಂಜೀನ್ ಹಾಗೆಯೇ ಉಳಿದು ಇನ್ನೂ ದೂರ ಹೋಗುತ್ತದೆ. ಆಮ್ಲಜನಕ ಮುಗಿದ ನೆಲದಲ್ಲಿ ಎಥನಾಲ್ ಕೊಳೆತು ಮೀಥೇನ್ ಹುಟ್ಟುತ್ತದೆ. ಟ್ಯಾಂಕಿಗೆ ಮಳೆ ನೀರು ಸೇರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ, ಆ ಪದರ ಟ್ಯಾಂಕಿನ ತಳವನ್ನೇ ತಿನ್ನುತ್ತದೆ. 2000ಕ್ಕೆ ಮುಂಚೆ ಹೂತ ಹಳೆ ಟ್ಯಾಂಕಾದರೆ ಮಣ್ಣಿನಲ್ಲಿ ಸೀಸವನ್ನೂ ನೋಡಬೇಕು. ಸೀಸವಿದ್ದ ಪೆಟ್ರೋಲ್ ದೇಶದಲ್ಲಿ ನಿಂತದ್ದು ಆ ವರ್ಷ, ಸೀಸ ಆವಿಯಾಗುವುದೂ ಇಲ್ಲ, ಕೊಳೆಯುವುದೂ ಇಲ್ಲ.

ಮೊದಲ ಎರಡು ದಿನ

ಟ್ಯಾಂಕ್ ಖಾಲಿ ಮಾಡಿ, ಸಾಲಿನ ವಾಲ್ವ್ ಮುಚ್ಚಿ. ಸೋರುತ್ತಿರುವಾಗ ಶುದ್ಧೀಕರಣದ ಮಾತಿಗೆ ಅರ್ಥವಿಲ್ಲ. ಟ್ಯಾಂಕ್ ಖಾಲಿಯಾದರೂ ಅಪಾಯ ಹೋಗಿಲ್ಲ: ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ಒಳಗೆ ನೈಟ್ರೋಜನ್ ತುಂಬಿಯೋ ಡ್ರೈ ಐಸ್ ಹಾಕಿಯೋ ಆವಿಯನ್ನು ಹೊರಹಾಕಿ, ಅಳೆದು, ಆಮೇಲೆ ಎತ್ತಬೇಕು. ಗ್ಯಾಸ್ ಕಟಿಂಗ್ ಮಾಡುವಂತಿಲ್ಲ. ಪೆಟ್ರೋಲಿಯಂ ನಿಯಮಗಳಡಿ ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಕೊಟ್ಟ ಲೈಸೆನ್ಸ್ ಇರುವ ಟ್ಯಾಂಕನ್ನು ಅವರಿಗೆ ತಿಳಿಸದೆ ಕದಲಿಸುವಂತೆಯೂ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅದೇ ದಿನ ಬರೆದು ತಿಳಿಸುವುದು ಒಳ್ಳೆಯದು, ಮುಚ್ಚಿಟ್ಟಷ್ಟೂ ಮುಂದೆ ಖರ್ಚು ಹೆಚ್ಚು. 2025ರಲ್ಲಿ ಬಂದ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳ ಪ್ರಕಾರ ಖರ್ಚು ಕೆಡಿಸಿದವರದೇ.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಚರಂಡಿ, ಕೇಬಲ್ ಟ್ರೆಂಚ್, ಲಿಫ್ಟ್ ಗುಂಡಿ, ಹಳೆಯ ತೆರೆದ ಬಾವಿಗಳಿಗೆ ಇಳಿದು ಕೂರುತ್ತದೆ. ಅಳತೆ ಯಂತ್ರದಲ್ಲಿ ಆವಿ ಸ್ಫೋಟ ಮಿತಿಯ (ಮೇಲೆ ಹೇಳಿದ ಶೇ. 1.4ರ) ಶೇ. 10ಕ್ಕಿಂತ ಕಡಿಮೆ, ಆಮ್ಲಜನಕ ಶೇ. 19.5ಕ್ಕಿಂತ ಹೆಚ್ಚು ಇದೆ ಎಂದು ತೋರಿಸುವವರೆಗೆ ಗುಂಡಿಗೆ ಯಾರೂ ಇಳಿಯಕೂಡದು. ಒಬ್ಬ ಇಳಿದು ಬಿದ್ದ, ಎತ್ತಲು ಹೋದ ಇಬ್ಬರೂ ಹೋದರು ಎಂಬ ಸುದ್ದಿ ಬಾವಿ, ಮ್ಯಾನ್‌ಹೋಲ್‌ಗಳಿಂದ ಪ್ರತಿ ವರ್ಷ ಬರುತ್ತಲೇ ಇರುತ್ತದೆ.

ಜೊತೆಗೇ ಮಾಡಬೇಕಾದದ್ದು ಕುಡಿಯುವ ನೀರು ಬೇರೆ ಮಾಡುವುದು. ಕಾರ್ಖಾನೆಯ ಬೋರ್‌ನಿಂದ ಕ್ಯಾಂಟೀನಿಗೂ ಸಂಪಿಗೂ ಹೋಗುವ ಪೈಪ್ ಕಳಚಿ, ಸುತ್ತ ಅರ್ಧ ಕಿಲೋಮೀಟರಿನ ಬೋರ್‌ಗಳ ಪಟ್ಟಿ ಮಾಡಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಕುಡಿಯುವ ನೀರಿನ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ಪೆಟ್ರೋಲ್ ಹೀರಿದ ಮಣ್ಣಿನ ಮೂಲಕ ಹಾದಿದ್ದರೆ ಬೆಂಜೀನ್ ಪೈಪಿನ ಗೋಡೆಯನ್ನೇ ದಾಟಿ ಒಳಗೆ ಬರುತ್ತದೆ. ತೂತು ಬೇಕಿಲ್ಲ, ಸೀಳು ಬೇಕಿಲ್ಲ. ಬೋರ್ ಶುದ್ಧವಿದ್ದು ನಲ್ಲಿ ನೀರು ಮಾತ್ರ ಕೆಟ್ಟಿದ್ದರೆ ಮೊದಲು ಇದನ್ನು ನೋಡಿ. ಅಷ್ಟು ಉದ್ದಕ್ಕೆ ಕಬ್ಬಿಣದ ಪೈಪ್ ಹಾಕಬೇಕು, ಗ್ಯಾಸ್ಕೆಟ್ ನೈಟ್ರೈಲ್ ರಬ್ಬರಿನದಾಗಿರಬೇಕು.

ರಿಗ್ ಕರೆಸುವ ಮುನ್ನ

ನನ್ನ ಮಟ್ಟಿಗೆ ಈ ಸೀಮೆಯಲ್ಲಿ ನಡೆಯುವ ಅತಿ ದೊಡ್ಡ ಹಾನಿ ಸೋರಿಕೆಯಿಂದಲ್ಲ, ಸೋರಿಕೆ ತಿಳಿದ ಮೇಲೆ ಅವಸರದಲ್ಲಿ ಕೊರೆಯುವ ಬೋರ್‌ನಿಂದ. ‘ಈ ನೀರು ಕೆಟ್ಟಿತು, ಇನ್ನೊಂದು ಪಾಯಿಂಟ್ ನೋಡಿಸೋಣ’ ಎಂದು ಮಾಮೂಲಿ ರಿಗ್ ತಂದು ನಿಲ್ಲಿಸುತ್ತಾರೆ. ಅದು ಹೆಚ್ಚಿನ ಒತ್ತಡದ ಗಾಳಿ ಊದಿ ಕಲ್ಲಿನ ಪುಡಿಯನ್ನು ಹೊರಹಾಕುವ ಯಂತ್ರ. ಗರಸಿನಲ್ಲಿ ನಿಂತಿದ್ದ ಪೆಟ್ರೋಲನ್ನು ಅದೇ ಗಾಳಿ ಸುತ್ತಲಿನ ಬಿರುಕುಗಳಿಗೆ ನೂಕುತ್ತದೆ, ಮೇಲಕ್ಕೆ ಬಂದ ಆವಿ ರಿಗ್ಗಿನ ಎಂಜಿನ್ ಸುತ್ತ ಹರಡುತ್ತದೆ. ಆಮೇಲೆ ಆರೂವರೆ ಇಂಚಿನ ತೂತು ಸಾವಿರ ಅಡಿಯವರೆಗೆ ತೆರೆದ ದಾರಿಯಾಗಿ ಉಳಿಯುತ್ತದೆ. ಮೇಲಿನ 20 ಮೀಟರಿನಲ್ಲಿದ್ದ ಸಮಸ್ಯೆಯನ್ನು ನಾವೇ 300 ಮೀಟರಿಗೆ ಇಳಿಸಿದ ಹಾಗೆ.

ಇರುವ ಬೋರ್‌ಗಳದೂ ಇದೇ ಕತೆ. ಕೇಸಿಂಗ್ ಪೈಪ್ ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ ಇರುತ್ತದೆ, ಅದರ ಹೊರಗಿನ ಸಂದಿಗೆ ಕೊರೆದ ಮಣ್ಣನ್ನೇ ತುಂಬಿರುತ್ತಾರೆ, ಸಿಮೆಂಟ್ ಹಾಕಿರುವುದು ಅಪರೂಪ. ಪೆಟ್ರೋಲ್ ಆ ಸಂದಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಬತ್ತಿ ಬಿಟ್ಟ ಬೋರ್‌ಗಳನ್ನು ಹುಡುಕಿ ಮುಚ್ಚುವುದು ಆದ್ದರಿಂದಲೇ ಮೊದಲ ಪಟ್ಟಿಗೆ ಸೇರಬೇಕು. ಕಲ್ಲು, ಮಣ್ಣು ಸುರಿದರೆ ಅದು ಮುಚ್ಚಿದಂತಲ್ಲ. ತಳದವರೆಗೆ ಪೈಪ್ ಇಳಿಸಿ, ಸಿಮೆಂಟ್ ಜೊತೆ ಬೆಂಟೊನೈಟ್ (ನೀರು ಸೇರಿದರೆ ಉಬ್ಬುವ ಜೇಡಿ) ಕಲೆಸಿದ ಗಾರೆಯನ್ನು ತಳದಿಂದ ಮೇಲಕ್ಕೆ ತುಂಬುತ್ತ ಬರಬೇಕು. ಮೇಲಿನಿಂದ ಸುರಿದರೆ ಮಧ್ಯೆ ಸೇತುವೆ ಕಟ್ಟಿ ಕೆಳಗೆ ಟೊಳ್ಳು ಉಳಿಯುತ್ತದೆ.

ಪರೀಕ್ಷೆಗೆ ಹೊಸ ಬಾವಿ ಬೇಕೇ ಬೇಕಲ್ಲ? ಬೇಕು, ಆದರೆ ಎರಡು ಹಂತದಲ್ಲಿ. ಗರಸಿನ ಪದರಕ್ಕೆ ಗಾಳಿ ಊದದೆ, ತಿರುಪಿನಂಥ ಆಗರ್ ತಿರುಗಿಸಿ ತೂತು ಕೊರೆದು ಅಲ್ಲೇ ನಿಲ್ಲಿಸಿದ ಗಿಡ್ಡ ಬಾವಿಗಳು ಕೆಲವು. ಬಂಡೆಗೆ ಇಳಿಯಬೇಕಾದ ಕಡೆ, ಮೊದಲು ದೊಡ್ಡ ವ್ಯಾಸದಲ್ಲಿ ಗಟ್ಟಿ ಕಲ್ಲಿನೊಳಗೆ ಒಂದೆರಡು ಮೀಟರ್ ಹೋಗಿ, ಕೇಸಿಂಗ್ ಇಳಿಸಿ, ಹೊರಸಂದಿಗೆ ಗಾರೆ ತುಂಬಿ, ಅದು ಗಟ್ಟಿಯಾಗಲು ಒಂದು ದಿನವಾದರೂ ಬಿಟ್ಟು, ಆಮೇಲೆ ಕೇಸಿಂಗ್ ಒಳಗಿನಿಂದ ಸಣ್ಣ ವ್ಯಾಸದಲ್ಲಿ ಮುಂದುವರಿಯಬೇಕು. ರಿಗ್‌ನವರು ಗೊಣಗುತ್ತಾರೆ, ಅಡಿ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರಿಗೆ ಒಂದು ದಿನ ಸುಮ್ಮನೆ ನಿಲ್ಲುವುದು ನಷ್ಟ. ಆ ದಿನದ ಬಾಡಿಗೆ ಕೊಟ್ಟು ನಿಲ್ಲಿಸಿಕೊಳ್ಳಿ.

ಗಿಡ್ಡ ಬಾವಿಯ ಜರಡಿ ಪೈಪ್, ಅಂದರೆ ನೀರು ಒಳಬರುವ ತೂತಿನ ಪೈಪ್, ಎಲ್ಲಿಂದ ಎಲ್ಲಿಗೆ ಇರಬೇಕು ಎಂಬುದರಲ್ಲಿ ಎಡವುವವರು ಬಹಳ. ಪೆಟ್ರೋಲ್ ತೇಲುವುದರಿಂದ ಜರಡಿ ನೀರಿನ ಮಟ್ಟಕ್ಕಿಂತ ಮೇಲಕ್ಕೂ ಇರಬೇಕು, ಕೆಳಕ್ಕೂ ಇರಬೇಕು. ಮೇ ತಿಂಗಳಲ್ಲಿ ಕೊರೆದು ಆಗಿನ ಮಟ್ಟಕ್ಕೆ ಜರಡಿ ಇಟ್ಟರೆ, ನವೆಂಬರಿಗೆ ನೀರು ಐದಾರು ಮೀಟರ್ ಏರಿ ಜರಡಿ ಪೂರ್ತಿ ಮುಳುಗುತ್ತದೆ. ತೇಲುವ ಪೆಟ್ರೋಲ್ ತೂತಿಲ್ಲದ ಪೈಪಿನ ಹೊರಗೆ ನಿಲ್ಲುತ್ತದೆ, ಬಾವಿಯೊಳಗೆ ಇಳಿಸಿದ ಪ್ರೋಬ್ ಶುದ್ಧ ನೀರು ಎನ್ನುತ್ತದೆ.

ದಿಕ್ಕು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಕನಿಷ್ಠ ಮೂರು ಬಾವಿ ಬೇಕು. ಬಂಡೆಯಲ್ಲಿ ಅದೂ ಸಾಲದು. ಒಂದು ಬೋರ್ ಓಡಿಸಿ, ಸುತ್ತಲಿನ ಬೋರ್‌ಗಳಲ್ಲಿ ಹದಿನೈದು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಅಳೆಯಿರಿ. ಯಾವುದು ಇಳಿಯಿತೋ ಅದಕ್ಕೂ ಇದಕ್ಕೂ ಬಿರುಕಿನ ಸಂಬಂಧವಿದೆ. ‘ಅವರು ಮೋಟರ್ ಹಾಕಿದರೆ ನಮ್ಮದು ಗಾಳಿ ಎಳೆಯುತ್ತದೆ’ ಎಂದು ಪಕ್ಕದ ರೈತರು ಹೇಳುವ ಮಾತು ಇದೇ ಪರೀಕ್ಷೆಯ ಫಲಿತಾಂಶ; ಅದನ್ನು ಬರೆದುಕೊಳ್ಳಿ.

ನೀರಿನ ಮಾದರಿಯನ್ನು ಮಿನರಲ್ ವಾಟರ್ ಬಾಟಲಿಯಲ್ಲಿ ತುಂಬಿ ಬೆಂಗಳೂರಿಗೆ ಕಳಿಸಿದರೆ ಲ್ಯಾಬ್ ‘ಇಲ್ಲ’ ಎಂದೇ ಬರೆಯುತ್ತದೆ, ಬೆಂಜೀನ್ ದಾರಿಯಲ್ಲೇ ಹೋಗಿರುತ್ತದೆ. 40 ಮಿಲಿ ಲೀಟರಿನ ಗಾಜಿನ ಸೀಸೆ, ಒಳಗೆ ಪಿಎಚ್ 2ಕ್ಕಿಂತ ಕಡಿಮೆಯಾಗುವಷ್ಟು ಹೈಡ್ರೋಕ್ಲೋರಿಕ್ ಆಮ್ಲದ ಹನಿ, ಅಂಚಿನವರೆಗೆ ತುಂಬಿ ಮುಚ್ಚಳ ಬಿಗಿದು ತಲೆಕೆಳಗೆ ಮಾಡಿದರೆ ಒಂದು ಗುಳ್ಳೆಯೂ ಕಾಣಬಾರದು. ಐಸ್ ಡಬ್ಬದಲ್ಲಿ 4 ಡಿಗ್ರಿಯಲ್ಲಿ ಸಾಗಿಸಿ, 14 ದಿನದೊಳಗೆ ಪರೀಕ್ಷೆ ಆಗಬೇಕು. ಮಣ್ಣಿಗೆ ಸ್ಥಳದಲ್ಲೇ ಒಂದು ಸುಲಭದ ದಾರಿಯಿದೆ: ಜಿಪ್ ಕವರಿನಲ್ಲಿ ಅರ್ಧ ಮಣ್ಣು, ಅರ್ಧ ಗಾಳಿ, ಹತ್ತು ನಿಮಿಷ ಬಿಟ್ಟು ಆವಿ ಅಳೆಯುವ ಪಿಐಡಿ ಯಂತ್ರದ ಮೂತಿ ತೂರಿಸುವುದು. ಅಂಕಿ ನಿಖರವಲ್ಲ, ಆದರೆ ಯಾವ ಆಳದಲ್ಲಿ ಹೆಚ್ಚು ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ.

ಮಣ್ಣು: ಅಗೆಯುವುದೋ ಎಳೆಯುವುದೋ

ಸಣ್ಣ ಮರಳು ಮಿಶ್ರಿತ ಮಣ್ಣು ಘನ ಮೀಟರಿಗೆ 12 ಲೀಟರ್ ಆಸುಪಾಸು ಪೆಟ್ರೋಲ್ ಹಿಡಿದಿಟ್ಟುಕೊಳ್ಳುತ್ತದೆ, ದಪ್ಪ ಜಲ್ಲಿಯಂಥ ನೆಲ ಎರಡು ಮೂರು ಲೀಟರ್ ಮಾತ್ರ. 1,500 ಲೀಟರ್ ಸೋರಿದ್ದರೆ ಮೊದಲ ಬಗೆಯ ಮಣ್ಣಿನಲ್ಲಿ ಸುಮಾರು 120 ಘನ ಮೀಟರ್ ಕೆಟ್ಟಿರುತ್ತದೆ. ಅಗೆದರೆ ಮಣ್ಣು ಉಬ್ಬಿ 150 ಆಗುತ್ತದೆ, ಅಂದರೆ ಹದಿನೈದು ಟಿಪ್ಪರ್. ಇಷ್ಟನ್ನು ಅಗೆದು ತೆಗೆಯಬಹುದು, ಟ್ಯಾಂಕ್ ಎತ್ತಿದ ಗುಂಡಿಯ ಸುತ್ತಲಿನದನ್ನು ತೆಗೆಯಲೇಬೇಕು. ಆ ಮಣ್ಣು ಲೇಔಟಿಗೆ ತುಂಬುವ ಮಣ್ಣಲ್ಲ. ಅಪಾಯಕಾರಿ ತ್ಯಾಜ್ಯವೆಂದು ಲೆಕ್ಕಕ್ಕೆ ಬಂದರೆ ದಾಬಸ್‌ಪೇಟೆಯಂಥ ಕಡೆ ಇರುವ ಅಧಿಕೃತ ಘಟಕಕ್ಕೇ ಹೋಗಬೇಕು, ಸಾಗಣೆಗೆ ದಾಖಲೆ ಬೇಕು. ಆದರೆ ಪೆಟ್ರೋಲ್ ಶೆಡ್ಡಿನ ಪಿಲ್ಲರ್ ಕೆಳಗೆ, 12 ಮೀಟರ್ ಆಳಕ್ಕೆ ಇಳಿದಿದ್ದರೆ ಜೆಸಿಬಿಯಿಂದ ಏನೂ ಆಗುವುದಿಲ್ಲ.

ಅಗೆದದ್ದನ್ನು ಅಲ್ಲೇ ಜೈವಿಕವಾಗಿ ಶುದ್ಧ ಮಾಡುವುದೂ ಸಾಧ್ಯ, ಮಂಡಳಿ ಒಪ್ಪಿದರೆ. ದಪ್ಪ ಎಚ್‌ಡಿಪಿಇ ಹಾಳೆಯ ಮೇಲೆ ಒಂದೂವರೆಯಿಂದ ಎರಡು ಮೀಟರ್ ಎತ್ತರದ ದಿಬ್ಬ, ಒಳಗೆ ತೂತಿನ ಪೈಪ್‌ಗಳು, ತುದಿಗೆ ಗಾಳಿ ಎಳೆಯುವ ಬ್ಲೋವರ್, ಅದರ ಹಿಂದೆ ಇದ್ದಿಲಿನ ಡ್ರಮ್. 100 ಟನ್ ಮಣ್ಣಿನಲ್ಲಿ ಕಿಲೋಗೆ 5 ಗ್ರಾಂ ಪೆಟ್ರೋಲಿದ್ದರೆ ಒಟ್ಟು 500 ಕಿಲೋ, ಅದರಲ್ಲಿ ಇಂಗಾಲ 425 ಕಿಲೋ. ಇಂಗಾಲ, ಸಾರಜನಕ, ರಂಜಕ 100:10:1 ಎಂಬ ಲೆಕ್ಕಕ್ಕೆ 45 ಕಿಲೋದ ಎರಡು ಮೂಟೆ ಯೂರಿಯಾ, ಅರ್ಧ ಮೂಟೆ ಡಿಎಪಿ ಸಾಕು. ಒಂದೇ ಸಲ ಸುರಿದರೆ ಅಮೋನಿಯಾ ಹೆಚ್ಚಿ ಬ್ಯಾಕ್ಟೀರಿಯಾ ಸಾಯುತ್ತವೆ. ಅರ್ಧ ಈಗ, ಉಳಿದದ್ದು ಪರೀಕ್ಷೆ ನೋಡಿಕೊಂಡು. ಮಣ್ಣನ್ನು ಹಿಡಿದು ಅಮುಕಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೇಲೆ ಟಾರ್ಪಾಲು ಕಡ್ಡಾಯ, ಒಂದು ಮುಂಗಾರಿನ ಮಳೆ ದಿಬ್ಬವನ್ನು ತೊಳೆದು ಪಕ್ಕದ ರಾಜಕಾಲುವೆಗೆ ಬಿಟ್ಟರೆ ಆಗ ಎರಡು ಜಾಗ ಶುದ್ಧ ಮಾಡಬೇಕು. ಟಾರ್ಪಾಲಿಲ್ಲದೆ ಬಿಸಿಲಿಗೆ ಹರಡಿ ‘ಒಣಗಿಸುವ’ ರೂಢಿಯಿದೆ. ಅದರಲ್ಲಿ ಶುದ್ಧವಾಗುವುದು ಮಣ್ಣು, ಬೆಂಜೀನ್ ಕುಡಿಯುವುದು ಹರಡುವ ಕೂಲಿಯವರು.

ಆಳದ ಮಣ್ಣಿಗೆ ಸರಿಯಾದ ದಾರಿ ಆವಿ ಎಳೆಯುವುದು. ಪೆಟ್ರೋಲ್ ತಾನಾಗಿಯೇ ಆವಿಯಾಗುವ ವಸ್ತು, ಅದಕ್ಕೆ ದಾರಿ ಮಾಡಿಕೊಟ್ಟರೆ ಸಾಕು. ನಾಲ್ಕು ಇಂಚಿನ ಜರಡಿ ಪಿವಿಸಿ ಪೈಪನ್ನು ನೀರಿನ ಮಟ್ಟದ ಸ್ವಲ್ಪ ಮೇಲಿನವರೆಗೆ ಇಳಿಸಿ, ಸುತ್ತ ಸಣ್ಣ ಜಲ್ಲಿ ತುಂಬಿ, ಮೇಲಿನ ಒಂದೂವರೆ ಮೀಟರಿಗೆ ಬೆಂಟೊನೈಟ್ ಮತ್ತು ಸಿಮೆಂಟ್ ಮುದ್ರೆ ಹಾಕುವುದು. ಮುದ್ರೆ ಸರಿಯಿಲ್ಲದಿದ್ದರೆ ಬ್ಲೋವರ್ ಅಂಗಳದ ಗಾಳಿಯನ್ನೇ ಎಳೆಯುತ್ತ ಕೂರುತ್ತದೆ, ಕರೆಂಟ್ ಮೀಟರ್ ಓಡುತ್ತದೆ, ಪೆಟ್ರೋಲ್ ಬರುವುದಿಲ್ಲ. ಎರಡು, ಐದು, ಹತ್ತು ಮೀಟರ್ ದೂರದಲ್ಲಿ ಸಣ್ಣ ಪೈಪ್ ನೆಟ್ಟು ಎಳೆತ ಎಲ್ಲಿಯವರೆಗೆ ತಲುಪಿತು ಎಂದು ಅಳೆದು ಆಮೇಲೆ ಎಷ್ಟು ಬಾವಿ ಎಂದು ತೀರ್ಮಾನಿಸಬೇಕು. ಎಳೆತ ಜಾಸ್ತಿಯಾದಷ್ಟೂ ಒಳ್ಳೆಯದು ಎಂದಲ್ಲ: ಪ್ರತಿ 10 ಕಿಲೋಪಾಸ್ಕಲ್ ಎಳೆತಕ್ಕೆ ಬಾವಿಯಲ್ಲಿ ನೀರು ಒಂದು ಮೀಟರ್ ಮೇಲೇರಿ ಜರಡಿಯನ್ನೇ ಮುಚ್ಚುತ್ತದೆ. ಬ್ಲೋವರಿಗೆ ಮುಂಚೆ ನೀರು ಬೇರ್ಪಡಿಸುವ ಪಾತ್ರೆ, ಫ್ಲೇಮ್‌ಪ್ರೂಫ್ ಮೋಟರ್, ತಾಜಾ ಗಾಳಿ ಬೆರೆಸುವ ವಾಲ್ವ್ ಬೇಕು.

ಆ ವಾಲ್ವ್ ಯಾಕೆಂದರೆ, ಸ್ಫೋಟ ಮಿತಿ ಘನ ಮೀಟರ್ ಗಾಳಿಗೆ ಸುಮಾರು 40 ಗ್ರಾಂ ಆವಿ. ಅದರ ಕಾಲು ಭಾಗ, ಅಂದರೆ 10 ಗ್ರಾಂ ದಾಟದಂತೆ ಬ್ಲೋವರ್ ಓಡಿಸುವುದು ಕ್ರಮ. ಗಂಟೆಗೆ 100 ಘನ ಮೀಟರ್ ಎಳೆದರೆ ಗಂಟೆಗೆ ಒಂದು ಕಿಲೋ, ದಿನಕ್ಕೆ 24 ಕಿಲೋ ಪೆಟ್ರೋಲ್ ಹೊರಬರುತ್ತದೆ. 1,500 ಲೀಟರ್ ಎಂದರೆ 1,100 ಕಿಲೋ. ಕಾಗದದ ಮೇಲೆ ಒಂದೂವರೆ ತಿಂಗಳ ಕೆಲಸ. ನಿಜದಲ್ಲಿ ಮೊದಲ ವಾರಗಳು ಹೀಗೆ ನಡೆದು ಆಮೇಲೆ ದಿನಕ್ಕೆ ಎರಡು ಕಿಲೋ, ಅರ್ಧ ಕಿಲೋ ಎಂದು ಬಾಲ ಎಳೆಯುತ್ತದೆ, ಆರು ತಿಂಗಳಿಂದ ಎರಡು ವರ್ಷ ಹಿಡಿಯುತ್ತದೆ. ಸಕ್ರಿಯ ಇದ್ದಿಲು ತನ್ನ ತೂಕದ ಶೇ. 15ರಷ್ಟು ಹಿಡಿಯುತ್ತದೆ ಎಂದಿಟ್ಟುಕೊಂಡರೂ ಆರಂಭದಲ್ಲಿ ದಿನಕ್ಕೆ 160 ಕಿಲೋ ಇದ್ದಿಲು ಬೇಕು. ಆದ್ದರಿಂದ ಮೊದಲ ತಿಂಗಳುಗಳಿಗೆ ಆವಿಯನ್ನು ಸುಡುವ ಯಂತ್ರ ಬಾಡಿಗೆಗೆ ತಂದು, ಬಾಲಕ್ಕೆ ಮಾತ್ರ ಇದ್ದಿಲು ಇಡುವುದು ಜಾಣತನ. ಇದ್ದಿಲಿನ ಡ್ರಮ್ ಎರಡು ಸಾಲಾಗಿರಲಿ, ಆವಿಯನ್ನು ಎರಡರ ನಡುವೆ ಅಳೆಯಿರಿ, ಮೊದಲನೆಯದು ತುಂಬಿದ್ದು ಅಲ್ಲೇ ತಿಳಿಯುತ್ತದೆ.

ಬಾಲ ಶುರುವಾದ ಮೇಲೆ ಬ್ಲೋವರನ್ನು ನಿಧಾನ ಮಾಡಿ ಬ್ಯಾಕ್ಟೀರಿಯಾಗಳಿಗೆ ಕೆಲಸ ಬಿಡಬೇಕು. ಒಂದು ಕಿಲೋ ಪೆಟ್ರೋಲ್ ತಿನ್ನಲು ಅವಕ್ಕೆ ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. 1,100 ಕಿಲೋಗೆ 3,900 ಕಿಲೋ. ಗಾಳಿಯಲ್ಲಾದರೆ ಅದು 14 ಸಾವಿರ ಘನ ಮೀಟರ್, ಒಂದು ಸಣ್ಣ ಬ್ಲೋವರಿನ ಕೆಲವು ವಾರಗಳ ಕೆಲಸ. ಲೀಟರಿಗೆ 8 ಮಿಲಿ ಗ್ರಾಂ ಆಮ್ಲಜನಕ ಕರಗಿದ ನೀರಿನ ಮೂಲಕ ಕೊಡುವುದಾದರೆ ಸುಮಾರು 49 ಕೋಟಿ ಲೀಟರ್ ಹರಿಸಬೇಕು. ಮಣ್ಣಿಗೆ ನೀರು ಹಾಯಿಸಿ ‘ತೊಳೆಯುವ’ ಸಲಹೆ ಯಾರಾದರೂ ಕೊಟ್ಟರೆ ಈ ಎರಡು ಅಂಕಿ ಮುಂದಿಡಿ.

ನೀರು

ಬಾವಿಯಲ್ಲಿ ತೇಲುವ ಪೆಟ್ರೋಲಿದ್ದರೆ ಗಾಳಿಯಿಂದ ನಡೆಯುವ ಸ್ಕಿಮ್ಮರ್ ಪಂಪಿನಲ್ಲಿ ಅದನ್ನಷ್ಟೇ ತೆಗೆಯಿರಿ. ಬಾವಿಯಲ್ಲಿ 30 ಸೆಂಟಿ ಮೀಟರ್ ಕಂಡರೆ ಹೊರಗೂ ಅಷ್ಟೇ ಇದೆ ಎಂದಲ್ಲ, ಗರಸಿನಲ್ಲಿ ನಿಜವಾದ ಪದರ ಅದರ ಸಣ್ಣ ಪಾಲು.

ಕಾರ್ಖಾನೆಯ ಬೋರ್ ನಿಲ್ಲಿಸಬೇಕೋ ಓಡಿಸಬೇಕೋ ಎಂಬುದು ಸೂಕ್ಷ್ಮದ ವಿಷಯ. ಪೂರ್ತಿ ನಿಲ್ಲಿಸಿದರೆ ಕೆಟ್ಟ ನೀರು ಪಕ್ಕದ ತೋಟದ ಮೋಟರಿನ ಕಡೆ ಹೊರಡುತ್ತದೆ. ಜೋರಾಗಿ ಓಡಿಸಿದರೆ ಮಟ್ಟ ಇಳಿದು ತೇಲುವ ಪೆಟ್ರೋಲ್ ಹೊಸ ಕಲ್ಲಿಗೆ ಬಳಿದುಕೊಳ್ಳುತ್ತದೆ. ಸಣ್ಣ ಪಂಪ್ ಇಟ್ಟು, ದಿನವಿಡೀ ನಿಧಾನವಾಗಿ ಎತ್ತುತ್ತ ನೀರು ನಮ್ಮ ಕಡೆಗೇ ಬರುವಷ್ಟು ಮಾತ್ರ ಎಳೆತ ಉಳಿಸಿಕೊಳ್ಳುವುದು ಸರಿ. ಮೂರು ಫೇಸ್ ಕರೆಂಟು ಹೋಗಿ ಬಂದು ಮಾಡುವ ಕಡೆ ಜನರೇಟರ್ ಇಲ್ಲದೆ ಇದು ನಡೆಯುವುದಿಲ್ಲ. ಸ್ಟಾರ್ಟರ್ ಬಾಕ್ಸ್ ಬಾವಿಯ ಬಾಯಿಗೆ ಅಂಟಿಕೊಂಡಿರಬಾರದು, ಅದರ ಕಿಡಿ ಆವಿಗೆ ತಾಗಬಹುದು.

ಎತ್ತಿದ ನೀರು ಮೊದಲು ಎಣ್ಣೆ ಬೇರ್ಪಡಿಸುವ ತೊಟ್ಟಿಗೆ, ಆಮೇಲೆ ಗಾಳಿ ಊದುವ ಗೋಪುರಕ್ಕೆ, ಕೊನೆಗೆ ಇದ್ದಿಲಿಗೆ. ಗೋಪುರದಲ್ಲಿ ಒಂದು ಪಾಲು ನೀರಿಗೆ 50ರಿಂದ 100 ಪಾಲು ಗಾಳಿ ಕೊಟ್ಟರೆ ಬೆಂಜೀನ್ ಶೇ. 99ರಷ್ಟು ಹೋಗುತ್ತದೆ. ಇಲ್ಲಿನ ತೊಂದರೆ ನೀರಿನ ಗಡಸುತನ: ಗಾಳಿ ತಾಗಿದೊಡನೆ ಸುಣ್ಣ ಕಟ್ಟಿ ಗೋಪುರದೊಳಗಿನ ಪ್ಲಾಸ್ಟಿಕ್ ಉಂಗುರಗಳು ಬೆಳ್ಳಗೆ ಗಟ್ಟಿಯಾಗುತ್ತವೆ. ಆಮ್ಲಜನಕ ಮುಗಿದ ನೆಲದಿಂದ ಬಂದ ನೀರಿನಲ್ಲಿ ಕರಗಿದ ಕಬ್ಬಿಣವೂ ಇರುತ್ತದೆ, ಅದು ಕೆಂಪು ಕೆಸರಾಗಿ ಕೂರುತ್ತದೆ. ಬಿಚ್ಚಿ ಆಮ್ಲದಲ್ಲಿ ತೊಳೆಯಲು ಸುಲಭವಾದ ತಟ್ಟೆಗಳ ಮಾದರಿ ಈ ಸೀಮೆಗೆ ಉಂಗುರದ ಗೋಪುರಕ್ಕಿಂತ ಮೇಲು.

ನೀರಿನಡಿ ಗಾಳಿ ಊದಿ ಬೆಂಜೀನನ್ನು ಮೇಲಕ್ಕೆ ತರುವ ವಿಧಾನ ಮರಳಿನಲ್ಲಿ ಚೆನ್ನಾಗಿ ನಡೆಯುತ್ತದೆ. ಬಂಡೆಯಲ್ಲಿ ಗಾಳಿ ಒಂದೇ ಬಿರುಕು ಹಿಡಿದು ಎಲ್ಲೋ ಹೊರಬರುತ್ತದೆ, ಅಲ್ಲಿ ಯಾರದೋ ಮನೆಯಿದ್ದರೆ ಆವಿ ಮನೆಯೊಳಗೆ. ಗರಸಿನ ಪದರಕ್ಕೆ ಮಾತ್ರ, ಮೇಲಿನ ಆವಿ ಎಳೆಯುವ ಬ್ಲೋವರ್ ಓಡುತ್ತಿರುವಾಗ ಮಾತ್ರ ಇದನ್ನು ಒಪ್ಪಬಹುದು. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ‘ಹದಿನೈದು ದಿನದಲ್ಲಿ ಮುಗಿಸಿಕೊಡುತ್ತೇವೆ’ ಎನ್ನುವವರು ಬರುತ್ತಾರೆ. ನಮ್ಮ ಕೆಂಪು ಮಣ್ಣಿನ ಕೆಂಪೇ ಕಬ್ಬಿಣ. ಅದು ತಾಗಿದೊಡನೆ ಪೆರಾಕ್ಸೈಡ್ ಅಲ್ಲೇ ಕುದಿದು ಗಾಳಿಯಾಗಿ ಹೋಗುತ್ತದೆ, ಪೆಟ್ರೋಲ್ ತಲುಪುವ ಮೊದಲೇ. ಹುಟ್ಟಿದ ಬಿಸಿಗೆ ಆವಿ ಏಳುತ್ತದೆ. ಪರ್ಮಾಂಗನೇಟ್ ಬೆಂಜೀನಿನ ಮೇಲೆ ಹೆಚ್ಚುಕಡಿಮೆ ಕೆಲಸವನ್ನೇ ಮಾಡುವುದಿಲ್ಲ. ಪರ್‌ಸಲ್ಫೇಟ್ ಪರವಾಗಿಲ್ಲ, ಆದರೆ ಮೊದಲು ಇದೇ ಮಣ್ಣಿನ ಹತ್ತು ಕಿಲೋ ಲ್ಯಾಬಿನಲ್ಲಿಟ್ಟು ನೋಡಬೇಕು.

ಮುಗಿಯಿತು ಎನ್ನುವುದು ಯಾವಾಗ

ಪಂಪ್ ಮಾಡುತ್ತಿರುವಾಗ ಬೆಂಜೀನ್ ಇಳಿದು ಮಿತಿಯೊಳಗೆ ಬರುತ್ತದೆ. ನಿಲ್ಲಿಸಿದ ಎರಡು ತಿಂಗಳಿಗೆ ಮತ್ತೆ ಏರುತ್ತದೆ. ಉಪ್ಪಿನಕಾಯಿ ಇಟ್ಟ ಮಣ್ಣಿನ ಜಾಡಿ ಎಷ್ಟು ತೊಳೆದರೂ ಮರುದಿನ ಘಾಟು ಬಿಡುವ ಹಾಗೆ, ಬಿರುಕಿನ ಪಕ್ಕದ ಶಿಥಿಲ ಕಲ್ಲು ವರ್ಷಗಟ್ಟಲೆ ಹೀರಿಕೊಂಡದ್ದನ್ನು ನಿಧಾನವಾಗಿ ನೀರಿಗೆ ಬಿಡುತ್ತಿರುತ್ತದೆ. ಆದ್ದರಿಂದ ಯಂತ್ರ ಓಡುತ್ತಿರುವಾಗ ತೆಗೆದ ಮಾದರಿಗೆ ಬೆಲೆಯಿಲ್ಲ. ಎಲ್ಲ ನಿಲ್ಲಿಸಿ, ಒಂದು ಪೂರ್ತಿ ವರ್ಷ, ಮೂರು ತಿಂಗಳಿಗೊಮ್ಮೆ ಅಳೆಯಬೇಕು. ಅದರಲ್ಲಿ ಎರಡು ಅಳತೆ ತಪ್ಪಿಸುವಂತಿಲ್ಲ: ಮೇ ತಿಂಗಳ ತಳಮಟ್ಟದ್ದು, ಮಳೆ ಮುಗಿದು ಪಕ್ಕದ ಕೆರೆ ತುಂಬಿದ ಮೇಲಿನದು. ಮುಳುಗಿ ಕೂತ ಪೆಟ್ರೋಲಿದ್ದರೆ ಈ ಎರಡರಲ್ಲಿ ಒಂದು ಅದನ್ನು ತೋರಿಸುತ್ತದೆ.

ಏರಿದ ಅಂಕಿ ಲೀಟರಿಗೆ ಒಂದೆರಡು ಮಿಲಿ ಗ್ರಾಂ ಇದ್ದರೆ ಯಂತ್ರವನ್ನು ಮತ್ತೆ ಹಚ್ಚಬೇಕು. 0.05ರ ಆಸುಪಾಸಿನಲ್ಲಿದ್ದು ಪ್ರತಿ ಸುತ್ತಿಗೂ ಇಳಿಯುತ್ತಿದ್ದರೆ, ಕರಗಿದ ಆಮ್ಲಜನಕ, ನೈಟ್ರೇಟ್, ಸಲ್ಫೇಟ್ ಕಡಿಮೆಯಾಗುತ್ತ ಕರಗಿದ ಕಬ್ಬಿಣ ಹೆಚ್ಚುತ್ತಿದ್ದರೆ, ಬ್ಯಾಕ್ಟೀರಿಯಾ ಉಳಿದದ್ದನ್ನು ತಿನ್ನುತ್ತಿವೆ ಎಂದರ್ಥ. ಆಗ ಸುತ್ತಲಿನ ಕುಡಿಯುವ ಬೋರ್‌ಗಳಿಗೆ ಬದಲಿ ನೀರು ಮುಂದುವರಿಸಿ, ಅಳತೆಯನ್ನಷ್ಟೇ ಇಟ್ಟುಕೊಂಡು ಕಾಯಲು ಮಂಡಳಿಯನ್ನು ಕೇಳಬಹುದು. ಟಾಲ್ವೀನ್, ಜೈಲೀನ್ ಬೇಗ ಹೋಗುತ್ತವೆ. ಆಮ್ಲಜನಕವಿಲ್ಲದ ನೀರಿನಲ್ಲಿ ಬೆಂಜೀನ್ ಕೊನೆಯವರೆಗೆ ಉಳಿಯುತ್ತದೆ. ಆದ್ದರಿಂದ ವರದಿಯಲ್ಲಿ ಒಟ್ಟು ಮೊತ್ತ ಇಳಿಯಿತು ಎಂಬ ಸಾಲಿಗಿಂತ ಬೆಂಜೀನಿನ ಸಾಲನ್ನೇ ಬೇರೆಯಾಗಿ ಓದಬೇಕು.